ಚುರುಕಿನ ಕಾರು: ಹಳೆಯದೋ, ಹೊಸದೋ?

ನಮ್ಮ ಮನೆಗಳಲ್ಲಿ ಅಕ್ಕಿ ಹಳೆಯದಾದಷ್ಟೂ ಅದಕ್ಕೆ ಮರ್ಯಾದೆ ಹೆಚ್ಚು. ಹುಣಿಸೆ ಹಣ್ಣು ಹಳೆಯದಾದರೆ ಅದನ್ನು ಔಷಧಕ್ಕೆಂದು ತೆಗೆದಿಡುತ್ತಾರೆ. ಅದೇ ಅಡಿಗೆಮನೆಯ ಕೊಬ್ಬರಿ ಎಣ್ಣೆ ಹಳತಾಯಿತೆಂದರೆ ಕಮಟು ವಾಸನೆ ಹೊಡೆಯುತ್ತದೆ. ಆದ್ದರಿಂದ ‘ಹಳೆಯದು’ ಎಂಬ ಮಾತು ತನ್ನಷ್ಟಕ್ಕೆ ತಾನೇ ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಯಾವ ವಸ್ತು, ಎಷ್ಟು ಕಾಲ, ಹೇಗೆ ಇಟ್ಟಿದ್ದರು, ಯಾವ ಉಪಯೋಗಕ್ಕೆ ಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಅದಕ್ಕೆ ಅರ್ಥ ಹುಟ್ಟುವುದು. ಈ ನಾಲ್ಕು ಪ್ರಶ್ನೆಗಳನ್ನು ಈ ದಿನ ಒಂದು ಲೌಕಿಕ ವಿಷಯಕ್ಕೆ ಅನ್ವಯಿಸಿ ನೋಡೋಣ. ಒಬ್ಬರು ಓಡಿಸಿ ಬಿಟ್ಟ ಕಾರನ್ನು ಕೊಳ್ಳುವ ವಿಷಯ ಅದು. ಅದರಲ್ಲಿಯೂ ಸ್ವಲ್ಪ ಚುರುಕಾಗಿ ಓಡುವ, ಓಡಿಸುವವನ ಮನಸ್ಸಿಗೆ ಹಿತವಾಗುವ ಕಾರು. ಅದರ ಹಳೆಯ ಅವತಾರ ಮೇಲೋ, ಈಚಿನ ಅವತಾರ ಮೇಲೋ?

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಕಾರಿನ ಗೊಡವೆ ಏತಕ್ಕೆ ಎಂದು ನೀವು ಕೇಳಬಹುದು. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ನೋಡುವ ಕೆಲಸದಲ್ಲಿ ನಾನು ಬಹುಕಾಲ ಕಳೆದಿದ್ದೇನೆ. ಆ ಕೆಲಸ ಕಲಿಸುವ ಮೊದಲ ಪಾಠ ಇದು: ಪ್ರಾಚೀನವಾದ ಪ್ರತಿಯೇ ಶುದ್ಧವಾದ ಪ್ರತಿ ಎಂದು ನಂಬಬಾರದು, ಅದರ ಗರಿಗಳನ್ನು ಹುಳು ತಿಂದಿರಬಹುದು. ಈಚಿನ ಪ್ರತಿ ಅಚ್ಚುಕಟ್ಟಾಗಿದೆ ಎಂದು ಮರುಳಾಗಲೂಬಾರದು. ಲಿಪಿಕಾರ ತನಗೆ ತಿಳಿಯದ ಮಾತನ್ನು ತಿದ್ದಿ ಸರಾಗ ಮಾಡಿರಬಹುದು. ಪ್ರತಿಯೊಂದು ಪಾಠವನ್ನೂ ಅದರದರ ಯೋಗ್ಯತೆಯ ಮೇಲೆಯೇ ತೂಗಬೇಕು. ಕಾರಿನ ಮಾತೂ ಇದಕ್ಕಿಂತ ಬಹಳ ದೂರದ್ದೇನಲ್ಲ.

ಎರಡೇ ಆಸನಗಳ, ನೆಲಕ್ಕೆ ತಾಗುವಂತೆ ಕುಳಿತ ನಿಜವಾದ ಕ್ರೀಡಾ ಕಾರುಗಳು ನಮ್ಮ ದೇಶದಲ್ಲಿ ಶ್ರೀಮಂತರ ಪಾಲಿನವು. ಮಧ್ಯಮವರ್ಗದವನಿಗೆ ಚುರುಕಿನ ಕಾರೆಂದರೆ ನಾಲ್ಕು ಬಾಗಿಲಿನ, ಹೆಂಡತಿ ಮಕ್ಕಳು ಕುಳಿತು ಮದುವೆಗೆ ಹೋಗಬಹುದಾದ ಕಾರೇ. ಅದರ ಎಂಜಿನು ಮಾತ್ರ ಕೊಂಚ ಉತ್ಸಾಹಿಯಾಗಿರಬೇಕು. ಈ ಜಾತಿಯಲ್ಲಿ ನಮ್ಮವರು ಬಹುವಾಗಿ ಮೆಚ್ಚಿದ ಹೆಸರು ಹೋಂಡಾ ಸಿಟಿ. ಒಂದೇ ಹೆಸರಿನಲ್ಲಿ ಹಲವು ಅವತಾರಗಳನ್ನು ಎತ್ತಿರುವುದರಿಂದ ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಸಿಟಿ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ. ಮೊದಲು 1.3 ಮತ್ತು 1.5 ಲೀಟರಿನ ಎರಡು ಎಂಜಿನುಗಳಿದ್ದವು. 2000ದಲ್ಲಿ ‘ವಿಟೆಕ್’ ಎಂಬ ಹೆಸರಿನ 1.5 ಲೀಟರಿನ ಎಂಜಿನು ಬಂದಿತು. ಅದರ ಬಲ 106 ಅಶ್ವಶಕ್ತಿ. ಕಾರಿನ ತೂಕವಾದರೋ ಸುಮಾರು ಒಂದು ಟನ್ನು ಮಾತ್ರ. ಅಂಬಾಸಡರ್, ಪದ್ಮಿನಿಗಳಲ್ಲಿ ಕುಳಿತು ಬೆಳೆದ ನಮ್ಮಂಥವರಿಗೆ ಇದು ಹೊಸ ಲೋಕ. 2003ರ ಕೊನೆಯಲ್ಲಿ ಎರಡನೆಯ ಅವತಾರ ಬಂದಿತು. ಇದರ ಎಂಜಿನಿನ ಶಕ್ತಿ 77ಕ್ಕೆ ಇಳಿದಿತ್ತು. ಮುಂದೆ ಇದೇ ಮೈಗೆ ಸುಮಾರು 100 ಅಶ್ವಶಕ್ತಿಯ ವಿಟೆಕ್ ಎಂಜಿನನ್ನು ಕೂಡಿಸಿದರು. 2008ರಲ್ಲಿ ಮೂರನೆಯ ಅವತಾರ 118 ಅಶ್ವಶಕ್ತಿಯ ‘ಐ-ವಿಟೆಕ್’ ಎಂಜಿನಿನೊಡನೆ ಬಂದಿತು. 2014ರಲ್ಲಿ ನಾಲ್ಕನೆಯದು ಬಂದು, ಅದರಲ್ಲಿ ಡೀಸೆಲ್ ಎಂಜಿನೂ ಸೇರಿತು. ನಮ್ಮ ಚರ್ಚೆಗೆ ಮೊದಲ ಮೂರು ಸಾಕು.

ವಿಟೆಕ್ ಎಂದರೇನು? ಎಂಜಿನು ಉಸಿರಾಡುವ ಯಂತ್ರ. ಅದರ ಕವಾಟಗಳು, ಎಂದರೆ ವಾಲ್ವುಗಳು, ತೆರೆದಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಕ್ಕೆ ಹೋಗುತ್ತದೆ. ನಿಧಾನವಾಗಿ ನಡೆಯುವವನ ಉಸಿರು ಸಣ್ಣದು, ಓಡುವವನ ಉಸಿರು ದೊಡ್ಡದು. ಸಾಮಾನ್ಯ ಎಂಜಿನುಗಳಲ್ಲಿ ಕವಾಟ ತೆರೆಯುವ ಅಳತೆ ಒಂದೇ. ನಡಿಗೆಗೆ ಹೊಂದಿಸಿದರೆ ಓಟಕ್ಕೆ ಉಸಿರು ಸಾಲದು, ಓಟಕ್ಕೆ ಹೊಂದಿಸಿದರೆ ನಡಿಗೆ ಮುಗ್ಗರಿಸುತ್ತದೆ. ಹೋಂಡಾದ ಎಂಜಿನಿಯರುಗಳು ಒಂದೇ ದಂಡದ ಮೇಲೆ ಎರಡು ಬಗೆಯ ಉಬ್ಬುಗಳನ್ನು ಕೂಡಿಸಿದರು. ಎಂಜಿನಿನ ಸುತ್ತು ಒಂದು ಮಟ್ಟ ಮೀರಿದೊಡನೆ ಎಣ್ಣೆಯ ಒತ್ತಡದಿಂದ ಒಂದು ಸಣ್ಣ ಕೀಲು ಸರಿದು, ಕವಾಟಗಳು ದೊಡ್ಡ ಉಬ್ಬಿನ ಆಜ್ಞೆಗೆ ಒಳಗಾಗುತ್ತವೆ. ಎಂಜಿನು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತದೆ, ಸ್ವರ ಬದಲಾಗುತ್ತದೆ. ಕಾರು ಮಂದ್ರದಿಂದ ತಾರಕ್ಕೆ ಏರಿತೆಂದು ಸಂಗೀತ ಬಲ್ಲವರು ಹೇಳಿಯಾರು. ಹಳೆಯ ವಿಟೆಕ್‌ನ ಅಭಿಮಾನಿಗಳು ಇಂದಿಗೂ ಕಣ್ಣರಳಿಸಿ ಹೇಳುವುದು ಈ ಕ್ಷಣದ ಮಾತನ್ನೇ.

ಆ ಮೊದಲ ಅವತಾರದ ಗುಣಗಳು ಇನ್ನೂ ಕೆಲವುಂಟು. ಕುಳಿತುಕೊಳ್ಳುವ ಜಾಗ ತಗ್ಗು. ಚಕ್ರ ತಿರುಗಿಸಲು ನೆರವಾಗುವುದು ಎಣ್ಣೆಯ ಒತ್ತಡ. ಆದ್ದರಿಂದ ರಸ್ತೆಯ ಒರಟು ನಯಗಳು ಅಂಗೈಗೆ ತಿಳಿಯುತ್ತವೆ. ತೂಕ ಕಡಿಮೆಯಾದ್ದರಿಂದ ತಿರುವುಗಳಲ್ಲಿ ಹೇಳಿದ ಕಡೆಗೆ ಹೋಗುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಒಮ್ಮೆ ಓಡಿಸಿದವನು ಅದನ್ನು ಮರೆಯಲಾರ.

ಎರಡನೆಯ ಅವತಾರವನ್ನು ರಸಿಕರು ಬಹಳ ಬೈದರು. ಪ್ರತಿ ಸಿಲಿಂಡರಿಗೆ ಎರಡು ಕಿಡಿಗೊಳವೆಗಳನ್ನಿಟ್ಟು, ಪೆಟ್ರೋಲನ್ನು ಪೂರ್ಣವಾಗಿ ಸುಡುವಂತೆ ರಚಿಸಿದ ಎಂಜಿನು ಅದರದು. ಆ ಎಂಜಿನಿಗೆ ಓಟದ ಆಸೆಯಿರಲಿಲ್ಲ, ಉಳಿತಾಯದ ಆಸೆಯಿತ್ತು. ಅದರ ಎಳೆತದ ಬಲ ಸುಮಾರು 2,700 ಸುತ್ತುಗಳಿಗೇ ಶಿಖರ ಮುಟ್ಟುತ್ತಿದ್ದುದರಿಂದ ಪೇಟೆಯ ಸಂದಣಿಯಲ್ಲಿ ಮೇಲಿಂದ ಮೇಲೆ ಗೇರು ಬದಲಿಸುವ ಕಷ್ಟವಿಲ್ಲ. ಪೆಟ್ರೋಲಿನ ತೊಟ್ಟಿಯನ್ನು ಮುಂದಿನ ಆಸನಗಳ ಕೆಳಕ್ಕೆ ತಂದದ್ದರಿಂದ ಹಿಂದೆ ಜಾಗ ಹೆಚ್ಚಿತು. ಗೃಹಸ್ಥನಿಗೆ ಇದು ಒಳ್ಳೆಯ ಕಾರು. ಚುರುಕನ್ನು ಅರಸುವವನು ಮಾತ್ರ ಇದರ ಮೊದಲ ಎಂಜಿನನ್ನು ಬಿಟ್ಟು, ಆಮೇಲೆ ಬಂದ ವಿಟೆಕ್ ರೂಪವನ್ನೇ ಹುಡುಕಬೇಕು. ಕೊಳ್ಳುವಾಗ ಮೈ ನೋಡಿದರೆ ಸಾಲದು, ಬಾನೆಟ್ಟಿನ ಕೆಳಗೆ ಯಾವ ಎಂಜಿನು ಕುಳಿತಿದೆಯೆಂದು ಕೇಳಬೇಕೆನ್ನುವುದು ಇದಕ್ಕಾಗಿಯೇ.

ಮೂರನೆಯ ಅವತಾರ ಶಕ್ತಿಯಲ್ಲಿ ಮೊದಲನೆಯದನ್ನೂ ಮೀರಿಸಿತು. ಮೈ ದೊಡ್ಡದಾಯಿತು, ತೂಕ ಹೆಚ್ಚಿತು. ಚಕ್ರ ತಿರುಗಿಸಲು ವಿದ್ಯುತ್ತಿನ ನೆರವು ಬಂದಿತು. ಕೈಗೆ ಹಗುರವಾಯಿತು, ಆದರೆ ರಸ್ತೆಯ ಸುದ್ದಿ ಕೈಗೆ ತಲುಪುವುದು ಕಡಿಮೆಯಾಯಿತು. ಕಾಲಿನ ಒತ್ತನ್ನು ಎಂಜಿನಿಗೆ ಮುಟ್ಟಿಸುತ್ತಿದ್ದ ಉಕ್ಕಿನ ತಂತಿಯ ಜಾಗಕ್ಕೆ ವಿದ್ಯುತ್ ಸಂಕೇತ ಬಂದಿತು. ಹಳೆಯದು ಎದುರು ಕುಳಿತು ಆಡುವ ಮಾತಿನಂತೆ, ಹೊಸದು ದೂರವಾಣಿಯ ಮಾತಿನಂತೆ. ವಿಷಯವೆಲ್ಲ ತಲುಪುತ್ತದೆ, ಮುಖಭಾವ ಕಾಣುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ರುಚಿಯ ಮಾತು. ಇನ್ನು ಹೇಳುವುದು ಪ್ರಾಣದ ಮತ್ತು ಹಣದ ಮಾತು.

ಮೊದಲ ಅವತಾರದ ಕಾಲದಲ್ಲಿ ಗಾಳಿಚೀಲ, ಎಂದರೆ ಏರ್‌ಬ್ಯಾಗ್, ಮತ್ತು ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ನಮ್ಮಲ್ಲಿ ಅಪರೂಪದ ಭೋಗಗಳಾಗಿದ್ದವು. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರಲ್ಲಿ. ಚಾಲಕನಿಗೆ ಗಾಳಿಚೀಲ ಕಡ್ಡಾಯವಾದದ್ದೂ ಅದೇ ವರ್ಷ. ಮೂರನೆಯ ಅವತಾರದ ಸಿಟಿಯಲ್ಲಿ ಈ ಎರಡೂ ಸಾಮಾನ್ಯವಾಗಿ ಇರುತ್ತವೆ. ಮಳೆಗಾಲದ ಸಂಜೆ, ನೀರು ನಿಂತ ಹೆದ್ದಾರಿ, ಅಡ್ಡ ಬಂದ ಎಮ್ಮೆ, ಇವು ಒಂದುಗೂಡಿದ ಕ್ಷಣದಲ್ಲಿ ಅಂಗೈಗೆ ತಿಳಿಯುವ ರಸ್ತೆಯ ಸುದ್ದಿಗಿಂತ ಜಾರದ ಚಕ್ರವೇ ದೊಡ್ಡದು. ಚುರುಕಿನ ಕಾರನ್ನು ಕೊಳ್ಳುವವನು ಅದನ್ನು ಚುರುಕಾಗಿಯೇ ಓಡಿಸುತ್ತಾನೆ. ಆದ್ದರಿಂದ ಈ ಮಾತು ಅವನಿಗೆ ಇನ್ನಷ್ಟು ಸಲ್ಲುತ್ತದೆ.

ಹೊಸದರಲ್ಲಿ ಎಲ್ಲವೂ ಕ್ಷೇಮವೆಂದು ಹೇಳುವ ಹಾಗೂ ಇಲ್ಲ. ತಕಾತಾ ಎಂಬ ಜಪಾನೀ ಸಂಸ್ಥೆ ಹಲವು ಕಾರು ತಯಾರಕರಿಗೆ ಗಾಳಿಚೀಲಗಳನ್ನು ಉಬ್ಬಿಸುವ ಭಾಗವನ್ನು ಒದಗಿಸುತ್ತಿತ್ತು. ಅದರೊಳಗಿನ ರಾಸಾಯನಿಕ ಬಿಸಿಲು ತೇವಗಳಲ್ಲಿ ವರ್ಷಗಟ್ಟಲೆ ಇದ್ದು ಕೆಟ್ಟಾಗ, ಚೀಲ ಉಬ್ಬುವ ಹೊತ್ತಿಗೆ ಲೋಹದ ಚೂರುಗಳು ಸಿಡಿಯುವ ಅಪಾಯ ಕಂಡುಬಂದಿತು. ಹಲವು ದೇಶಗಳಲ್ಲಿ ಸಾವುಗಳಾದವು. ಹೋಂಡಾ ಸಂಸ್ಥೆ ನಮ್ಮ ದೇಶದಲ್ಲಿಯೂ 2003ರಿಂದ ಈಚಿನ ಹಲವು ವರ್ಷಗಳ ಸಿಟಿ ಕಾರುಗಳನ್ನು ಕಂತು ಕಂತಾಗಿ ಕರೆಸಿ, ಆ ಭಾಗವನ್ನು ಹಣ ಪಡೆಯದೆ ಬದಲಿಸಿಕೊಟ್ಟಿತು. ಆದರೆ ಕಾರು ಕೈಯಿಂದ ಕೈಗೆ ಹೋದಾಗ ಕರೆಯ ಕಾಗದ ಹಳೆಯ ಒಡೆಯನ ವಿಳಾಸದಲ್ಲಿಯೇ ಉಳಿದುಬಿಡುತ್ತದೆ. ಆದ್ದರಿಂದ ಎರಡನೆಯ ಅಥವಾ ಮೂರನೆಯ ಅವತಾರದ ಕಾರನ್ನು ನೋಡುವವನು ಅದರ ಚಾಸಿಸ್ ಸಂಖ್ಯೆಯನ್ನು ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಕೊಟ್ಟು, ಈ ಬದಲಾವಣೆ ಆಗಿದೆಯೇ ಎಂದು ಮೊದಲು ಕೇಳತಕ್ಕದ್ದು. ಕಾಪಾಡಬೇಕಾದ ಕೈಯೇ ಗಾಯ ಮಾಡದಂತೆ ನೋಡಿಕೊಳ್ಳುವ ಎಚ್ಚರ ಇದು. ಇದಕ್ಕೆ ಖರ್ಚಿಲ್ಲ.

ಇನ್ನು ಯಂತ್ರದ ವಯಸ್ಸು. ಮೊದಲ ಅವತಾರದ ಎಂಜಿನಿನಲ್ಲಿ ಕವಾಟಗಳ ಕಾಲವನ್ನು ಹೊಂದಿಸುವುದು ರಬ್ಬರಿನ ಹಲ್ಲುಪಟ್ಟಿ. ಮೆಕ್ಯಾನಿಕ್ಕುಗಳು ಅದನ್ನು ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ಅವಧಿ ಮೀರಿದರೆ ಅದು ಓಡುತ್ತಿರುವಾಗಲೇ ಕಡಿದುಹೋಗಬಹುದು. ಕಡಿದರೆ ಕವಾಟಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಎರಡನೆಯ ಅವತಾರದಿಂದ ಈಚೆಗೆ ಪೆಟ್ರೋಲ್ ಎಂಜಿನುಗಳಲ್ಲಿ ಆ ಜಾಗಕ್ಕೆ ಉಕ್ಕಿನ ಸರಪಣಿ ಬಂದಿದೆ. ಆದ್ದರಿಂದ 2003ಕ್ಕೆ ಹಿಂದಿನ ವಿಟೆಕ್ ಕಾರನ್ನು ಮಾರುವವನಿಗೆ ಹಾಕಬೇಕಾದ ಮೊದಲ ಪ್ರಶ್ನೆ, “ಬೆಲ್ಟು ಯಾವಾಗ ಬದಲಾಯಿಸಿದಿರಿ? ಚೀಟಿ ಇದೆಯೆ?” ಎಂಬುದು. ಚೀಟಿ ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ಲೆಕ್ಕ ಹಿಡಿದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಪೆಟ್ರೋಲಿನ ಗುಣವೂ ಬದಲಾಗಿದೆ. ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶ 2025ರಲ್ಲಿ ಮುಟ್ಟಿತು. ಎಥನಾಲ್ ನೀರನ್ನು ಹೀರುತ್ತದೆ. ಅದಕ್ಕೆಂದು ತಯಾರಿಸದ ಹಳೆಯ ರಬ್ಬರ್ ಕೊಳವೆಗಳನ್ನೂ ಮುಚ್ಚಳಪಟ್ಟಿಗಳನ್ನೂ ಕಾಲಕ್ರಮದಲ್ಲಿ ಹಾಳುಮಾಡಬಹುದು. 2009ರ ಜನವರಿಯಿಂದ ಈಚೆಗೆ ತಯಾರಾದ ತನ್ನ ಕಾರುಗಳ ಭಾಗಗಳು ಈ ಮಿಶ್ರಣವನ್ನು ತಡೆದುಕೊಳ್ಳಬಲ್ಲವೆಂದು ಹೋಂಡಾ ಸಂಸ್ಥೆ 2025ರಲ್ಲಿ ಪ್ರಕಟಿಸಿತು. ಅದಕ್ಕೆ ಹಿಂದಿನವನ್ನು ಕೊಳ್ಳುವವನು ಪೆಟ್ರೋಲ್ ಸಾಗುವ ಕೊಳವೆಗಳನ್ನು ಹೊಸದಾಗಿ ಹಾಕಿಸುವ ಖರ್ಚನ್ನು ಮೊದಲೇ ಎಣಿಸಿಕೊಳ್ಳುವುದು ಜಾಣತನ. ಈ ಭಾಗ ಸೋರಿದರೆ ಬೆಂಕಿಯ ಭಯ.

ಸರ್ಕಾರದ ಕಾಗದಗಳ ಮಾತು ಮೂರನೆಯದು. ಸ್ವಂತ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು. ಅನಂತರ ಐದೈದು ವರ್ಷಕ್ಕೊಮ್ಮೆ ಕಾರನ್ನು ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. ಈ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದನ್ನು 10,000 ಮಾಡಿದರು. ಮೊದಲ ಅವತಾರದ ಸಿಟಿ ಕಾರುಗಳೆಲ್ಲ ಇಪ್ಪತ್ತನ್ನು ದಾಟಿವೆ. ದೆಹಲಿಯ ಕಡೆಯಿಂದ ಅಗ್ಗವಾಗಿ ಬರುವ ಕಾರುಗಳ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ಅಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದಾಗ ಎಷ್ಟೋ ಕಾರುಗಳು ದಕ್ಷಿಣಕ್ಕೆ ಇಳಿದವು. ಆ ಊರಿನ ನಿರಾಕ್ಷೇಪಣಾ ಪತ್ರವಿಲ್ಲದೆ, ನಮ್ಮ ರಾಜ್ಯದ ತೆರಿಗೆ ಕಟ್ಟದೆ, ಅವುಗಳನ್ನು ಇಲ್ಲಿ ಓಡಿಸುವ ಹಾಗಿಲ್ಲ. ಆನೆ ತರುವುದು ಸುಲಭ, ಅದಕ್ಕೆ ಮೇವು ಹಾಕುವುದು ಕಷ್ಟ ಎಂಬ ಮಾತು ಇಂಥಲ್ಲಿ ನೆನಪಾಗಬೇಕು.

ಚುರುಕಿನ ಕಾರುಗಳಿಗೇ ಅಂಟಿದ ಒಂದು ರೋಗವುಂಟು; ಅದು ಅಲಂಕಾರದ ರೋಗ. ಹುಡುಗರು ಎಂಜಿನು ಬದಲಿಸುತ್ತಾರೆ, ಗರ್ಜಿಸುವ ಸೈಲೆನ್ಸರು ಹಾಕಿಸುತ್ತಾರೆ, ಸ್ಪ್ರಿಂಗ್ ಕತ್ತರಿಸಿ ಮೈಯನ್ನು ನೆಲಕ್ಕೆ ಇಳಿಸುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಪರೀಕ್ಷೆಯ ದಿನ ಇಂಥ ಕಾರು ನಪಾಸಾಗುತ್ತದೆ. ಅಪಘಾತವಾದರೆ ವಿಮೆಯವರು ತಕರಾರು ಎತ್ತುತ್ತಾರೆ. ಮೂಲ ಪಾಠವನ್ನು ತಿದ್ದಿದ ಪ್ರತಿಗಿಂತ, ಅಲ್ಲಲ್ಲಿ ಅಕ್ಷರ ಮಾಸಿದ್ದರೂ ತಿದ್ದುಪಡಿ ಇಲ್ಲದ ಪ್ರತಿಯೇ ಲೇಸು.

ಹಾಗಾದರೆ ಆಯ್ಕೆ ಮಾಡುವುದು ಹೇಗೆ? ಒಂದು ಉದಾಹರಣೆ ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅರಸೀಕೆರೆಯ ಕಡೆ ಅಧ್ಯಾಪಕನಾಗಿದ್ದಾನೆ. ಹುಡುಗನಾಗಿದ್ದಾಗ ಊರಿನ ಡಾಕ್ಟರರ ವಿಟೆಕ್ ಸಿಟಿಯನ್ನು ಕಂಡು, ಮುಂದೆ ಕಾರು ಕೊಂಡರೆ ಅದನ್ನೇ ಎಂದು ಮನಸ್ಸಿನಲ್ಲಿ ಕಟ್ಟಿಕೊಂಡವನು. ಹಣ ಕೂಡಿಸಿ ಹುಡುಕಿದಾಗ ಎರಡು ಕಾರು ಸಿಕ್ಕಿದವು: ಒಂದು 2002ರ ವಿಟೆಕ್, ಒಬ್ಬನೇ ಒಡೆಯ ಓಡಿಸಿದ್ದು, ಇನ್ನೊಂದು 2013ರ ಐ-ವಿಟೆಕ್, ಎರಡು ಕೈ ಬದಲಾದದ್ದು. ಹಳೆಯದನ್ನು ರಸಿಕರು ಅರಸುವುದರಿಂದ ಬೆಲೆಗಳಲ್ಲಿ ದೊಡ್ಡ ಅಂತರವಿರಲಿಲ್ಲ. “ಸಾರ್, ಮನಸ್ಸು ಹಳೆಯದರ ಕಡೆಗೇ ಎಳೀತಿದೆ. ತಾವು ಏನು ಹೇಳ್ತೀರಿ?” ಎಂದು ಕೇಳಿದ.

“ಕಾರು ಯಾರಿಗಪ್ಪಾ? ನಿನಗೋ, ಮನೆಗೋ?” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಹಾಸನಕ್ಕೆ ಕರೆದುಕೊಂಡು ಹೋಗಿ ರಕ್ತಶುದ್ಧಿ ಮಾಡಿಸಬೇಕು. ಹೋಗುತ್ತ ನಲವತ್ತು ಕಿಲೋಮೀಟರಿಗೆ ಮಿಕ್ಕ ದಾರಿ, ಬರುತ್ತ ಅಷ್ಟೇ. ಬರುವಾಗ ಆಕೆ ಹಿಂದಿನ ಆಸನದಲ್ಲಿ ಮಲಗಿರುತ್ತಾರೆ. ಆ ದಿನ ಕಾರು ಕೈಕೊಟ್ಟರೆ ಇನ್ನೊಂದು ಕಾರಿಲ್ಲ. ಬಿಡಿಭಾಗ ಬರಲು ವಾರ ಹಿಡಿಯಿತೆಂದರೆ ರೋಗಿ ವಾರ ಕಾಯಲಾರಳು.

“ಹಾಗಾದರೆ ನನ್ನನ್ನ ಕೇಳೋದೇನಿದೆ? ಉತ್ತರ ನಿನಗೇ ಗೊತ್ತಿದೆ” ಎಂದೆ. ಅವನು 2013ರ ಕಾರನ್ನೇ ಕೊಂಡ. ಕೊಳ್ಳುವ ಮೊದಲು ಚಾಸಿಸ್ ಸಂಖ್ಯೆ ಕೊಟ್ಟು ವಿಚಾರಿಸಿದಾಗ ಗಾಳಿಚೀಲದ ಬದಲಾವಣೆ ಆಗಿರಲಿಲ್ಲವೆಂದು ತಿಳಿಯಿತು. ಮಾಡಿಸಿಕೊಂಡೇ ಮನೆಗೆ ತಂದ. ಹಳೆಯ ವಿಟೆಕನ್ನು ಬೆಂಗಳೂರಿನ ಒಬ್ಬರು ಕೊಂಡರೆಂದು ಆಮೇಲೆ ಕೇಳಿದೆ. ಅವರಿಗೆ ದಿನದ ಓಡಾಟಕ್ಕೆ ಬೇರೆ ಕಾರಿದೆ, ನಂಬಿಗಸ್ತ ಮೆಕ್ಯಾನಿಕ್ಕು ಇದ್ದಾನೆ. ಭಾನುವಾರ ಬೆಳಗ್ಗೆ ಮಾತ್ರ ಹೊರಗೆ ತೆಗೆಯುತ್ತಾರಂತೆ. ಎರಡು ಕಾರುಗಳೂ ತಮಗೆ ತಕ್ಕ ಮನೆಯನ್ನೇ ಸೇರಿದವು.

ಈ ಪ್ರಸಂಗದಿಂದ ಹೊರಡುವ ಸೂತ್ರವನ್ನು ಹೀಗೆ ಹೇಳಬಹುದು. ಮನೆಗೆ ಒಂದೇ ಕಾರು, ಅದರ ಮೇಲೆ ಅವಲಂಬಿಸಿದ ಜೀವಗಳಿವೆ ಎಂದಾದರೆ, ಬಜೆಟ್ಟಿಗೆ ಒಗ್ಗುವವುಗಳಲ್ಲಿ ಈಚಿನದನ್ನೇ ಆರಿಸಬೇಕು. ಸ್ವಲ್ಪ ರುಚಿ ಕಡಿಮೆಯಾದರೂ ಚಿಂತೆಯಿಲ್ಲ. ಬೇರೊಂದು ಕಾರು ಇದ್ದು, ಬಿಡಿಭಾಗಕ್ಕೆ ಕಾಯುವ ವ್ಯವಧಾನವಿದ್ದು, ಕೊಂಡ ಬೆಲೆಯ ಮೇಲೆ ಮತ್ತಷ್ಟು ಹಣವನ್ನು ರಿಪೇರಿಗೆಂದು ಬೇರೆಯಾಗಿ ಇಟ್ಟಿದ್ದರೆ, ಹಳೆಯದು ನಿಜವಾದ ಸುಖ ಕೊಡುತ್ತದೆ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಆ ಸುಖ ಬೇಗನೆ ಸಂಕಟವಾಗುತ್ತದೆ.

ಯಾವುದನ್ನು ಆರಿಸಿದರೂ ಪರೀಕ್ಷೆಯ ಕ್ರಮ ಒಂದೇ. ಕಾರನ್ನು ಬೆಳಗಿನ ಹೊತ್ತು, ಎಂಜಿನು ತಣ್ಣಗಿರುವಾಗ ನೋಡಬೇಕು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದೇ ಒಂದು ಸುಳಿವು. ಚಾಲೂ ಮಾಡಿದಾಗ ನೀಲಿ ಹೊಗೆ ಬಂದರೆ ಎಂಜಿನು ಎಣ್ಣೆ ಸುಡುತ್ತಿದೆಯೆಂದು ಅರ್ಥ. ಕರಾವಳಿಯಲ್ಲಿ ಓಡಿದ ಕಾರಾದರೆ ಕೆಳಗೆ ಬಗ್ಗಿ ತುಕ್ಕು ನೋಡಬೇಕು. ಉಪ್ಪುಗಾಳಿ ಉಕ್ಕನ್ನು ಒಳಗಿನಿಂದಲೇ ತಿನ್ನುತ್ತದೆ. ಬಾನೆಟ್ಟು, ಬಾಗಿಲುಗಳ ಬೋಲ್ಟುಗಳ ಮೇಲೆ ಬಣ್ಣ ಕಿತ್ತಿದ್ದರೆ ಎಂದೋ ಬಿಚ್ಚಿ ಹಾಕಿದ್ದಾರೆ, ಏಕೆಂದು ಕೇಳಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದದ್ದು. ಹಲ್ಲು ಸವೆಯದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆಂಬುದನ್ನು ಮರೆಯಬಾರದು. ಆರ್.ಸಿ. ಪುಸ್ತಕದ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳನ್ನು ಕಾರಿನ ಮೇಲಿನವುಗಳೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು; ಬ್ಯಾಂಕಿನ ಸಾಲ ತೀರಿದೆಯೇ ನೋಡಬೇಕು. ಕೊನೆಯದಾಗಿ, ಮಾರುವವನ ಪರಿಚಯದವನಲ್ಲದ ಮೆಕ್ಯಾನಿಕ್ಕಿಗೆ ಕೂಲಿ ಕೊಟ್ಟು ಒಮ್ಮೆ ತೋರಿಸಬೇಕು. ಆ ಕೂಲಿ ಉಳಿಸಿದವನು ಅದರ ಹಲವು ಪಟ್ಟನ್ನು ಆಮೇಲೆ ಕಟ್ಟುತ್ತಾನೆ.

ಹಳೆಯ ಕಾರಿನ ಮೇಲಣ ಮೋಹದಲ್ಲಿ ಅರ್ಧ ಪಾಲು ನಮ್ಮ ಯೌವನದ ಮೇಲಣ ಮೋಹ. ಅದು ತಪ್ಪೇನೂ ಅಲ್ಲ. ಅದರ ಬೆಲೆ ಎಷ್ಟು, ಆ ಬೆಲೆಯನ್ನು ಕೊಡುವವರು ಯಾರು ಎಂಬುದು ಮಾತ್ರ ಸ್ಪಷ್ಟವಿರಬೇಕು. ತನ್ನ ಸಂತೋಷಕ್ಕೆ ತಾನೇ ಬೆಲೆ ಕೊಡುವವನು ಹಳೆಯದನ್ನು ಕೊಳ್ಳಲಿ, ಘಾಟಿಯ ತಿರುವಿನಲ್ಲಿ ಆ ಎಂಜಿನಿನ ತಾರಸ್ವರವನ್ನು ಕೇಳಿ ಸುಖಿಸಲಿ. ಆ ಬೆಲೆಯನ್ನು ಹಿಂದಿನ ಆಸನದಲ್ಲಿ ಕುಳಿತವರು ಕೊಡಬೇಕಾಗುವುದಾದರೆ, ಕೀಲಿಕೈ ಈಸಿಕೊಳ್ಳುವ ಮೊದಲು ಒಮ್ಮೆ ಅವರ ಮುಖವನ್ನು ನೋಡಲಿ.

(ಬಾನುಲಿ ಭಾಷಣ)